ಚಪ್ಪಡಿಯ ಮೇಲಿನ ಗಂಜಿ

ನಮ್ಮ ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಒಂದು ಬಿಳಿ ಕಲೆ ಇತ್ತು. ಇತ್ತು ಎಂದೇ ನನ್ನ ನಂಬಿಕೆ. ಅಕ್ಕನನ್ನು ಕೇಳಿದರೆ ಕಲ್ಲು ಇದ್ದದ್ದು ಹೌದು, ಕಲೆ ಅಷ್ಟು ದೊಡ್ಡದೇನೂ ಇರಲಿಲ್ಲ ಎನ್ನುತ್ತಾಳೆ. ನನ್ನ ಕಣ್ಣಲ್ಲಿ ಅದು ಮೊರದಷ್ಟು ಅಗಲ, ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಅಂಚು ಎದ್ದಿರುತ್ತಿತ್ತು, ಇರುವೆಗಳು ಸಾಲುಗಟ್ಟಿ ಅದನ್ನು ಕಡಿದು ಹೊರುತ್ತಿದ್ದವು. ಮೈಸೂರಿನಲ್ಲಿ ಚರಿತ್ರೆ ಓದಿ, ಆಮೇಲೆ ಅದನ್ನೇ ಪಾಠ ಹೇಳಿ ಬದುಕಿದ ನನಗೆ ಒಂದು ಚಾಳಿ ಅಂಟಿದೆ: ಯಾರು ಏನು ಹೇಳಿದರೂ, ಹಾಗೆ ಹೇಳಿದರೆ ಅವರಿಗೇನು ಲಾಭ ಎಂದು ಮೊದಲು ನೋಡುವುದು. ಇದನ್ನು ಬರೆಯಲು ಕೂತಾಗ ಆ ಚಾಳಿ ನನ್ನ ಕಡೆಗೇ ತಿರುಗಿತು. ಕಲೆ ದೊಡ್ಡದಿತ್ತು ಎಂದರೆ ನನಗೇನು ಲಾಭ? ತಪ್ಪು ಅವ್ವನದಾಗುತ್ತದೆ. ಸಣ್ಣದಿತ್ತು ಎಂದರೆ ಊರಿನದಾಗುತ್ತದೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತೇನೆ.

ನಾವು ಆ ಊರಿನವರಲ್ಲ. ಎನ್. ಬೇಗೂರಿನ ಕಡೆಯವರು, ಕೇರಳದ ಗಡಿಗೆ ತಾಗಿದ ಕಾಡಿನವರು. ಅಪ್ಪ ಎಲ್ಲೋ ಅಣೆಕಟ್ಟಿನ ಕೆಲಸದಲ್ಲಿ ಮಣ್ಣು ಹೊರುತ್ತಿದ್ದಾಗ ಯಾರೋ ಮೇಲಿನವರ ಕಣ್ಣಿಗೆ ಬಿದ್ದು, ಕೆ.ಆರ್. ನಗರದ ಕಡೆಯ ಒಂದು ಕಾಲುವೆಗೆ ಸೌಡಿಯಾಗಿ ನೇಮಕವಾದ. ಸೌಡಿ ಎಂದರೆ ಕಾಲುವೆ ಕಾಯುವವನು. ತೂಬಿನ ಬಾಗಿಲು ಎತ್ತುವುದು, ಇಳಿಸುವುದು, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸು ಹತ್ತಿ, ಹುಣಸೂರಿನಲ್ಲಿ ಇಳಿದು ಇನ್ನೊಂದಕ್ಕೆ ಕಾದು, ಒಂದು ಟ್ರಂಕು, ಒಂದು ಬೀಸುವ ಕಲ್ಲು, ಗೋಣಿತಾಟಿನ ಮೇಲೆ ಮಲಗಿಸಿದ ಒಂದು ಎಮ್ಮೆಗರು, ಇಷ್ಟರ ಜೊತೆ ಬಂದಿಳಿದೆವು. ಕರುವನ್ನು ಬಸ್ಸಿನ ಮೇಲೆ ಹೇಗೆ ತಂದೆವು ಎಂದು ಈಗ ಅನುಮಾನ ಬರುತ್ತದೆ. ಆದರೆ ಅದರ ಹಸಿ ಮೂತಿ ನನ್ನ ಮೊಣಕಾಲಿಗೆ ತಾಗುತ್ತಿದ್ದದ್ದು ನೆನಪಿದೆ. ಹಾಗಾದರೆ ಒಳಗೇ ಬಂದಿರಬೇಕು. ಊರ ಹೊರಗೆ ಕಾಲುವೆಯ ಏರಿಯ ಮೇಲೆ ಸರ್ಕಾರ ಕಟ್ಟಿಸಿದ ಒಂದೂವರೆ ಕೋಣೆಯ ಹೆಂಚಿನ ಮನೆ ನಮ್ಮದು. ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ಒಂದು ನಂಬರು. ಒಳಗೆ ದೇವರ ಗೂಡಿನ ಪಕ್ಕದ ಮೊಳೆಗೆ ತೂಬಿನ ಕಬ್ಬಿಣದ ಕೀಲಿ ನೇತಾಡುತ್ತಿತ್ತು, ಮೊಳಕೈ ಉದ್ದದ್ದು. ಬೆಳಿಗ್ಗೆ ಅಪ್ಪ ವಿಭೂತಿ ಇಟ್ಟುಕೊಂಡ ಬೆರಳಿನಿಂದಲೇ ಕೀಲಿಗೂ ಒಂದು ಗೆರೆ ಎಳೆದು ಹೆಗಲಿಗೇರಿಸುತ್ತಿದ್ದ. ಇಡೀ ಊರಿನ ನೀರು ಆ ಕೀಲಿಯಲ್ಲಿತ್ತು. ಅದನ್ನು ಹೊತ್ತವನಿಗೆ ಊರಿನ ಯಾವ ಜಗಲಿಯ ಮೇಲೂ ಕೂರು ಎನ್ನುವವರಿರಲಿಲ್ಲ.

ಇದು ಜಾತಿಯ ಮಾತಲ್ಲ. ಆಗಿದ್ದರೆ ನನಗೆ ಅರ್ಥ ಮಾಡಿಕೊಳ್ಳುವುದು ಸುಲಭವಾಗುತ್ತಿತ್ತು. ಅವರೂ ಶಿವನ ಒಕ್ಕಲು, ನಾವೂ ಶಿವನ ಒಕ್ಕಲು, ಹಣೆಗೆ ಇಡುತ್ತಿದ್ದ ಬೂದಿ ಒಂದೇ. ಆದರೆ ಅವರದು ಗದ್ದೆಯ ಸೀಮೆ, ನಮ್ಮದು ಕಾಡಿನ ಸೀಮೆ. ನಮ್ಮ ಕಡೆ ಚಳಿಜ್ವರ ಜಾಸ್ತಿ ಎಂದು ಎಲ್ಲರಿಗೂ ಗೊತ್ತಿತ್ತು. ಮಲೇರಿಯಾದವರು ಗೋಡೆಗಳಿಗೆ ಔಷಧಿ ಹೊಡೆಯಲು ಬಂದಾಗ ಊರಿನವರು, ಮೊದಲು ಸೌಡಿ ಮನೆಗೆ ಹೊಡೀರಿ ಎಂದು ತೋರಿಸಿ ಕಳಿಸಿದ್ದರು. ಅವ್ವನ ಮಾತಿನ ರಾಗ ಬೇರೆ, ಸೀರೆ ಉಡುವ ರೀತಿ ಬೇರೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಊಟದ್ದು. ಕಾಲುವೆಯ ಊರಿನಲ್ಲಿ ಉಳ್ಳವರ ಮನೆಯಲ್ಲಿ ಮಧ್ಯಾಹ್ನ ಅನ್ನ. ನಮ್ಮ ಮನೆಯಲ್ಲಿ ಮೂರು ಹೊತ್ತೂ ರಾಗಿ, ಅನ್ನವೆಂದರೆ ಹಬ್ಬ. ಮಧ್ಯಾಹ್ನ ಉಂಡು ಸ್ಕೂಲಿಗೆ ವಾಪಸು ಬಂದಾಗ ಹುಡುಗರು ಒಂದು ಆಟ ಆಡುತ್ತಿದ್ದರು. ಏನುಂಡೆ ಎಂದು ಕೇಳುವುದು, ಹೇಳಿದ್ದನ್ನು ನಂಬದೆ ಕೈ ಮೂಸಿ ನೋಡುವುದು. ನಾನು ಅನ್ನ ಎಂದಿದ್ದೆ. ಒಬ್ಬ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮೂಸಿದ.

"ಥೂ, ಮುದ್ದೆ ಕಣ್ರಲಾ! ಸೊಪ್ಪಿನ ಸಾರು ಬೇರೆ! ಸೌಡಿ ಹೈದ ಅನ್ನ ಉಂಡನಂತೆ!"

"ಆನೆ ಲದ್ದಿ ಉಂಡಿರ್ಬೇಕು ಬುಡ್ರಲಾ, ಕಾಡೋನು."

ಮನೆಗೆ ಬಂದು ಅತ್ತೆನೋ, ಅಳದೆ ಹೇಳಿದೆನೋ ಗೊತ್ತಿಲ್ಲ. ಹೇಳಿದ್ದಂತೂ ನಿಜ, ಏಕೆಂದರೆ ಮುಂದಿನದೆಲ್ಲ ಅಲ್ಲಿಂದ ಶುರುವಾಯಿತು ಎಂದು ನನ್ನ ಗುಮಾನಿ. ಅವ್ವ ನನ್ನ ಬಲಗೈಯನ್ನು ತನ್ನ ಮೂಗಿಗೆ ಹಿಡಿದು ನೋಡಿದಳು. ಆಮೇಲೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು.

ನಮ್ಮ ಎಮ್ಮೆಗರುವಿಗೆ ಅವ್ವ ದಿನಾ ಪಟೇಲರ ಮನೆಯಿಂದ ಕಲಗಚ್ಚು ತರುತ್ತಿದ್ದಳು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ ಎಲ್ಲ ಸೇರಿ ದನಕ್ಕೆ ಹಾಕುವ ಆ ನೀರನ್ನು ಕೇಳಿ ತರುವುದರಲ್ಲಿ ಅವಮಾನವಿಲ್ಲ. ಕರು ಕಟ್ಟಿದ ಯಾರು ಬೇಕಾದರೂ ಕೇಳಬಹುದು. ಪಟೇಲರ ಹೆಂಡತಿ ನಂಜಮ್ಮನವರು ದಪ್ಪ ಮೈಯ, ಕಡಿಮೆ ಮಾತಿನ ಹೆಂಗಸು. ಹಿತ್ತಿಲ ಬಾಗಿಲಲ್ಲಿ ನಿಂತು ಅವ್ವನ ಮಡಕೆಗೆ ತಾವೇ ಹುಯ್ಯುತ್ತಿದ್ದರು. ಅವ್ವ ಆ ಬಾಗಿಲು ದಾಟಿ ಒಳಗೆ ಹೋದದ್ದನ್ನು ನಾನು ನೋಡಿಲ್ಲ. ಕರು ಹೆಚ್ಚು ದಿನ ಬದುಕಲಿಲ್ಲ. ಹೊಟ್ಟೆ ಉಬ್ಬರಿಸಿ ಒಂದು ಬೆಳಿಗ್ಗೆ ಸತ್ತು ಬಿದ್ದಿತ್ತು. ಅಪ್ಪ ಏರಿಯ ಆಚೆ ಹೂತು ಬಂದ. ಮಾರನೆಯ ದಿನ ಅವ್ವ ಮಡಕೆ ಎತ್ತಿಕೊಂಡು ಎಂದಿನ ಹಾಗೆ ಪಟೇಲರ ಮನೆಗೆ ಹೋದಳು. ಅದರ ಮಾರನೆಯ ದಿನವೂ ಹೋದಳು.

"ಕರು ಸತ್ತೋಯ್ತಲ್ಲವ್ವ," ಎಂದೆ ನಾನು.

"ಬಾಯ್ಮುಚ್ಕೊಂಡಿರು. ನಿಮ್ಮಪ್ಪನ ತಾವ ಅಂದೀಯ ಮತ್ತೆ."

ಅಪ್ಪ ಬೆಳಿಗ್ಗೆ ಮುದ್ದೆ ಉಂಡು ಹೊರಟರೆ ಇಳಿಹೊತ್ತಿನವರೆಗೂ ಕಾಲುವೆಯ ಮೇಲೆ. ಆದ್ದರಿಂದ ಮನೆಯ ಮಧ್ಯಾಹ್ನ ಪೂರ್ತಿ ಅವ್ವನದು. ನಂಜಮ್ಮನವರು ಆ ದಿನಗಳಿಂದ ಗಂಜಿಯನ್ನು ಸಿಪ್ಪೆಗಳ ಜೊತೆ ಬೆರೆಸದೆ ಬೇರೆಯಾಗಿಯೇ ಇಟ್ಟು ಕೊಡುತ್ತಿದ್ದರು. ದನಕ್ಕೆ ಹಾಕುವುದನ್ನು ಯಾಕೆ ಬೇರೆ ಇಡಬೇಕು ಎಂದು ಆಗ ನನಗೆ ಹೊಳೆಯಲಿಲ್ಲ. ಅವ್ವ ಅದನ್ನು ಮೂಲೆಯಲ್ಲಿಟ್ಟು ತಿಳಿಯಾಗಲು ಬಿಡುತ್ತಿದ್ದಳು. ಕೆಳಗಿನ ಗಟ್ಟಿ ಗಂಜಿಗೆ ಉಪ್ಪು ಹಾಕಿ ನನಗೂ ಅಕ್ಕನಿಗೂ ಲೋಟದಲ್ಲಿ ಕೊಡುತ್ತಿದ್ದಳು. ಮಡಕೆಯ ತಳದಲ್ಲಿ ಒಂದು ಹಿಡಿ ಅನ್ನ ಇರುತ್ತಿತ್ತು ಎಂದು ನನ್ನ ನೆನಪು. ಮೇಲಿನ ತೆಳ್ಳನೆಯ ಬಿಳಿ ನೀರನ್ನು ಮಾತ್ರ ಚೊಂಬಿನಲ್ಲಿ ತೆಗೆದು, ಹೆಂಗಸರು ಬಟ್ಟೆ ಒಗೆಯಲು ಕಾಲುವೆಗೆ ಬರುವ ಹೊತ್ತು ನೋಡಿ, ಮುಂಬಾಗಿಲಿಗೆ ಹೋಗಿ ಚಪ್ಪಡಿಯ ಮೇಲೆ ನಿಧಾನವಾಗಿ ಸುರಿಯುತ್ತಿದ್ದಳು. ಈ ಮನೆಯಲ್ಲೂ ಅನ್ನ ಬಸಿಯುತ್ತಾರೆ ಎಂದು ನೋಡುವವರು ನೋಡಲಿ ಎಂದು.

ಅವ್ವ ತಪ್ಪಿದ್ದು ಇಲ್ಲಿ. ಅನ್ನ ಅಪರೂಪವಾದ ಸೀಮೆಯಿಂದ ಬಂದವಳಿಗೆ, ಅನ್ನ ಉಣ್ಣುವವರು ಗಂಜಿಯನ್ನು ಏನು ಮಾಡುತ್ತಾರೆ ಎಂದು ಸರಿಯಾಗಿ ತಿಳಿದಿರಲಿಲ್ಲ. ಎದುರಿಗೇ ನೋಡುತ್ತಿದ್ದಳಲ್ಲ ಎನ್ನಬಹುದು. ಆದರೆ ಅವಳು ನೋಡುತ್ತಿದ್ದದ್ದು ಕೊಡುವವರನ್ನು. ಮಿಕ್ಕದ್ದನ್ನು ಅವರು ಚೆಲ್ಲುತ್ತಾರೆ ಎಂದುಕೊಂಡಿರಬೇಕು. ಗದ್ದೆ ಸೀಮೆಯಲ್ಲಿ ಎಷ್ಟೇ ದೊಡ್ಡ ಮನೆಯವರಾದರೂ ಗಂಜಿಯನ್ನು ನೆಲಕ್ಕೆ ಹುಯ್ಯುವುದಿಲ್ಲ. ಅದು ದನಕ್ಕೆ, ಸೀರೆಗೆ, ಆಳಿಗೆ, ಯಾವುದಕ್ಕಾದರೂ ಆಗುತ್ತದೆ. ಹಾಗಾಗಿ ಬಟ್ಟೆ ಒಗೆಯಲು ಬಂದ ಹೆಂಗಸರು ಕಂಡದ್ದು ಅವ್ವ ತೋರಿಸಬೇಕೆಂದಿದ್ದನ್ನಲ್ಲ. ಸೌಡಿಯ ಮನೆಯಲ್ಲಿ ಗಂಜಿ ಕಲ್ಲಿಗೆ ಸುರಿಯುವಷ್ಟು ಅಕ್ಕಿ ಇದೆ ಎಂಬುದನ್ನು. ಎಷ್ಟು ದಿನ ಹೀಗೆ ನಡೆಯಿತೋ, ಕಲ್ಲಿನ ಮೇಲೆ ಕಲೆ ಕಟ್ಟುವಷ್ಟು ದಿನವಂತೂ ನಡೆಯಿತು.

ಬೇಸಿಗೆಯ ಬೆಳೆಗೆ ನೀರು ಸಾಲದೆ ಬಂದಾಗ ಮಾತು ಬಾಯಿಗೆ ಬಂತು. ಕಾಲುವೆಯ ಕೊನೆಯಲ್ಲಿ ಮಾದಪ್ಪ ಎಂಬುವರ ಗದ್ದೆ. ಮೊದಲಲ್ಲೇ ಇದ್ದದ್ದು ಪಟೇಲರದು. ಸರದಿ ಅಳೆಯಲು ಅಪ್ಪನ ಬಳಿ ಗಡಿಯಾರವಿರಲಿಲ್ಲ. ತೂಬಿನ ಪಕ್ಕ ಒಂದು ಗೂಟ ನೆಟ್ಟು, ಅದರ ನೆರಳಿಗೆ ಕಲ್ಲಿಟ್ಟು, ನೆರಳು ಮುಂದಿನ ಕಲ್ಲಿಗೆ ಬಂದಾಗ ಬಾಗಿಲು ಇಳಿಸುತ್ತಿದ್ದ. ಮಾದಪ್ಪನ ಪಾಲಿಗೆ ಆ ಕಲ್ಲುಗಳು ದಿನಾ ಜರುಗುತ್ತಿದ್ದವು. ಒಂದು ದಿನ ಏರಿಯ ಮೇಲೆ ನಿಂತು, ನಮ್ಮ ಮನೆಗೆ ಕೇಳುವ ಹಾಗೆ ಕೂಗಿದರು.

"ಏನಪ್ಪಾ ಸೌಡಿ, ನಿನ್ ನೆರಳು ಪಟೇಲ್ರ ಗದ್ದೇಲಿ ಕುಂಟ್ತದೆ, ನನ್ ಗದ್ದೇಲಿ ಓಡ್ತದೆ! ಅವರ ಅಕ್ಕಿ ತಿಂದು ನೆರಳಿಗೂ ಬೊಜ್ಜು ಬಂದದಾ?"

"ಯಾವ್ ಅಕ್ಕಿ ಮಾದಪ್ಪೋರೆ? ನಾವು ರಾಗಿ ತಿನ್ನೋರು."

"ರಾಗಿ ಬಸಿದ್ರೆ ಬಿಳೀ ಗಂಜಿ ಬತ್ತದೇನಪ್ಪಾ? ನಿನ್ ಬಾಗ್ಲಲ್ಲೇ ಬರೆದದಲ್ಲ!"

ಅಪ್ಪ ಅಂದು ಮನೆಗೆ ಬಂದು ಕಲ್ಲನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತ. ಬಗ್ಗಿ ಉಗುರಿನಿಂದ ಕೆರೆದ. ಒಳಗೆ ಬಂದು ಕೀಲಿ ತೂಗುಹಾಕಿ ಉಣ್ಣಲು ಕೂತ. ಅವ್ವ ಮುದ್ದೆ ಇಟ್ಟಳು. ಆ ಊಟದಲ್ಲಿ ಅಪ್ಪ ಅವ್ವನ ಕೈಯನ್ನೇ ನೋಡುತ್ತಿದ್ದ. ಹೊರಗಿನವರು ನಮ್ಮನ್ನು ನೋಡುತ್ತಿದ್ದ ನೋಟ ಅದು. ಮನೆಯ ಒಳಗೆ ನಾನು ಅದನ್ನು ಕಂಡದ್ದು ಅದೇ ಮೊದಲು.

ಕೆಲವೇ ದಿನಗಳಲ್ಲಿ ಮೇಲಿನ ಕಚೇರಿಗೆ ಒಂದು ಮೂಗರ್ಜಿ ಹೋಯಿತು. ಓವರ್‌ಸೀಯರು ಸೈಕಲ್ ಹೊಡೆದುಕೊಂಡು ವಿಚಾರಣೆಗೆ ಬಂದರು. ಬೆವರು ಒರೆಸಿಕೊಳ್ಳುತ್ತಿದ್ದ, ಸಿಟ್ಟಿಲ್ಲದ ಮನುಷ್ಯ. ಆದರೆ ಹೇಳಬೇಕಾದ್ದನ್ನು ಬಾಗಿಲಲ್ಲೇ ಹೇಳಿದರು.

"ನೋಡಪ್ಪ, ಅಕ್ಕಿ ಸಿಕ್ಕಿದರೆ ನಾನೇನೂ ಮಾಡೋಕಾಗಲ್ಲ. ಕೆಲಸವೂ ಹೋಗುತ್ತೆ, ಈ ಮನೆಯೂ ಖಾಲಿ ಮಾಡಬೇಕು."

"ಹುಡುಕ್ಕಳಿ ಸ್ವಾಮಿ," ಎಂದ ಅಪ್ಪ.

ಅವರು ಹುಡುಕಿದರು. ರಾಗಿಯ ವಾಡೆಯೊಳಗೆ ಮೊಳಕೈವರೆಗೆ ಕೈ ಹಾಕಿದರು. ಟ್ರಂಕು ತೆಗೆಸಿದರು, ಅವ್ವನ ಮದುವೆಯ ಸೀರೆಯನ್ನು, ಜೊತೆಗೇ ಬಂದಿದ್ದ ಮಾದಪ್ಪನ ಎದುರಿಗೆ ಕೊಡವಿದರು. ಅಕ್ಕಿ ಸಿಗಲಿಲ್ಲ. ಏರಿಯ ಮೇಲೆ ಊರಿನ ಹತ್ತಿಪ್ಪತ್ತು ಜನ ನಿಂತಿದ್ದರು.

"ಮನೇಲಿ ಯಾಕ್ ಮಡಗ್ತಾನೆ ಸ್ವಾಮಿ? ಕಾಡೋರಿಗೆ ಬಚ್ಚಿಡೋಕೆ ಹೇಳ್ಕೊಡಬೇಕಾ? ಈ ಕಲ್ಲನ್ನ ಕೇಳಿ," ಎಂದರು ಮಾದಪ್ಪ.

ಓವರ್‌ಸೀಯರು ಅವ್ವನ ಕಡೆ ತಿರುಗಿದರು.

"ಏನಮ್ಮ ಇದು, ಕಲ್ಲಿನ ಮೇಲೆ?"

ಅವ್ವ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಹೇಳಿದರೆ ಕೆಲಸ ಉಳಿಯುತ್ತದೆ; ಸತ್ತ ಕರುವಿನ ಹೆಸರಿನಲ್ಲಿ ದನದ ನೀರು ಬೇಡಿ ತಂದು ಮಕ್ಕಳಿಗೆ ಕುಡಿಸಿದವಳು ಎಂದು ಊರಿಗೆಲ್ಲ ತಿಳಿಯುತ್ತದೆ. ಹೇಳದಿದ್ದರೆ ಮಾನ ಉಳಿಯುತ್ತದೆ, ತಲೆಯ ಮೇಲಿನ ಹೆಂಚು ಹೋಗುತ್ತದೆ. ಇಲ್ಲಿ ನನ್ನ ನೆನಪು ಹೇಳುವುದು ಹೀಗೆ: ನಾನು ಮುಂದೆ ಬಂದು, ಕರು ಸತ್ತುಹೋಗಿದೆ, ಗಂಜಿ ನಾವೇ ಕುಡಿಯುತ್ತೇವೆ, ಪಟೇಲರ ಹಿತ್ತಿಲಿನದು ಎಂದು ಗಟ್ಟಿಯಾಗಿ ಹೇಳಿದೆ. ಈ ಚಿತ್ರವನ್ನು ನಾನು ಎಷ್ಟೋ ವರ್ಷ ಸಾಕಿಕೊಂಡು ಬಂದೆ. ಅಪ್ಪನನ್ನು ಉಳಿಸಿದವನು, ಅವ್ವನ ಮಾನ ಕಳೆದವನು ಎಂದು ಎರಡೂ ಕಡೆಯಿಂದ ನನ್ನನ್ನೇ ನೋಡಿಕೊಂಡೆ. ಅಕ್ಕ ಹೇಳುವುದು ಬೇರೆ: ನಾನು ಆಗ ಬೀಸುವ ಕಲ್ಲಿನ ಹಿಂದೆ ಅಡಗಿದ್ದೆನಂತೆ. ಅವ್ವನೇ ಒಳಗೆ ಹೋಗಿ ಮಡಕೆ ತಂದು, ಉಳಿದಿದ್ದ ಗಂಜಿಯನ್ನು ಎಲ್ಲರ ಎದುರಿಗೆ ಎತ್ತಿ ಕುಡಿದು, ಮಡಕೆಯನ್ನು ಓವರ್‌ಸೀಯರ ಕಾಲ ಬಳಿ ಇಟ್ಟಳಂತೆ. ಎರಡರಲ್ಲಿ ಯಾವುದು ನನಗೆ ಹೆಚ್ಚು ಅನುಕೂಲ ಎಂದು ನೋಡಿದರೆ, ಅಕ್ಕನ ಮಾತೇ ನಿಜವಿರಬೇಕು.

ಯಾರು ಹೇಳಿದರೂ ಆದದ್ದು ಒಂದೇ. ಏರಿಯ ಮೇಲಿನಿಂದ ಒಂದು ನಗು ಬಂತು, ಮೊದಲು ಒಬ್ಬರದು, ಆಮೇಲೆ ಹಲವರದು. ಮಾದಪ್ಪ ನಗಲಿಲ್ಲ, ತಲೆ ತಗ್ಗಿಸಿ ಹೊರಟುಹೋದರು. ಓವರ್‌ಸೀಯರು ಕಾಗದದಲ್ಲಿ ಏನೋ ಬರೆದುಕೊಂಡು ಸೈಕಲ್ ಹತ್ತಿದರು. ಅಪ್ಪನ ಕೆಲಸ ಉಳಿಯಿತು. ಸ್ಕೂಲಿನಲ್ಲಿ ಅಂದಿನಿಂದ ಯಾರೂ ನನ್ನ ಕೈ ಮೂಸಲಿಲ್ಲ. ಅದರ ಅಗತ್ಯವಿರಲಿಲ್ಲ.

"ಏಯ್ ಕಲಗಚ್ಚು, ಬಾರ್ಲಾ ಇಲ್ಲಿ!"

ಅದು ಆ ಊರು ಬಿಡುವವರೆಗೂ ನನ್ನ ಹೆಸರಾಯಿತು.

ಮಾರನೆಯ ದಿನ ಅವ್ವ ಮಡಕೆ ಎತ್ತಲಿಲ್ಲ. ಅಪ್ಪ ಅಂದು ಮಧ್ಯಾಹ್ನಕ್ಕೇ ಮನೆಗೆ ಬಂದಿದ್ದ. ಹೊರಗೆ ಬಳೆಗಳ ಸದ್ದಾಯಿತು. ಇಣುಕಿದರೆ ನಂಜಮ್ಮನವರು, ಬಿಸಿಲಲ್ಲಿ ಏದುಸಿರು ಬಿಡುತ್ತ, ಸೊಂಟದ ಮೇಲೆ ತಮ್ಮ ಮನೆಯದೇ ಒಂದು ಹಿತ್ತಾಳೆ ಪಾತ್ರೆ. ಅವರು ಚಪ್ಪಡಿಯ ಈಚೆ ಕಾಲಿಡಲಿಲ್ಲ. ಅವ್ವ ಬಾಗಿಲಿನ ಹಿಂದಿನಿಂದ ಆಚೆ ಬರಲಿಲ್ಲ.

"ಕರುಗೆ ಗಂಜಿ ತಂದಿದೀನಿ ಕಣವ್ವ. ನೀನು ಬರ್ನಿಲ್ವಲ್ಲ."

"ಕರು ಸತ್ತೋಗದೆ ಕಣ್ರವ್ವ."

"ಗೊತ್ತು. ಸತ್ತ ದಿನಾನೇ ಗೊತ್ತು ಕಣವ್ವ ನಂಗೆ. ಅದಕ್ಕೇನಂತೆ? ಮಡಕೆ ಕೊಡು."

ಅವ್ವ ಕೊಡಲಿಲ್ಲ. ನಂಜಮ್ಮನವರು ಪಾತ್ರೆಯನ್ನು ಕಲ್ಲಿನ ಮೇಲೆ, ಆ ಕಲೆಯ ಮೇಲೆಯೇ ಇಟ್ಟು ತಿರುಗಿ ನಡೆದರು. ಅವರು ಮರೆಯಾಗುವವರೆಗೂ ಕಾದು ಅಪ್ಪ ಎದ್ದ.

"ಗೊತ್ತಿದ್ದೂ ಕೊಟ್ಟೋರು ಸುಮ್ನೆ ಕೊಡಲ್ಲ ಕಣೆ," ಎಂದ. "ಅವರ ಗದ್ದೆ ಮೊದಲ್ನೇದು."

"ಆಯಮ್ಮ ನೀರು ಕೇಳಿದ್ರಾ ಯಾವತ್ತಾದ್ರೂ?"

"ಕೇಳ್ದೇನೆ ಕೊಟ್ಟಿದ್ರೆ?"

ಪಾತ್ರೆಯನ್ನು ಏರಿಗೆ ಒಯ್ದು ಕಾಲುವೆಗೆ ಬಗ್ಗಿಸಿದ. ತಳದಲ್ಲಿ ಅನ್ನವಿದೆಯೇ ಎಂದು ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಬಿಳಿಯದೊಂದು ಮೋಡ ನೀರಿನಲ್ಲಿ ಹರಡಿ ಹರಿದುಹೋಯಿತು. ಕಾಳು ಕಾಣಿಸಲಿಲ್ಲ, ಕಾಣಿಸುವಷ್ಟು ಹೊತ್ತು ನಿಲ್ಲಲೂ ಇಲ್ಲ. ಪಾತ್ರೆಯನ್ನು ತೊಳೆದು ತಾನೇ ಪಟೇಲರ ಹಿತ್ತಿಲ ಬಾಗಿಲಿಗೆ ಇಟ್ಟು ಬಂದ. ಅವ್ವ ಅಂದಿನಿಂದ ಮುದ್ದೆ ತೊಳಸಿದ ಮಡಕೆಯನ್ನು ತೊಳೆದ ನೀರನ್ನು, ಅದೇ ಹೊತ್ತಿಗೆ, ಹೆಂಗಸರು ನೋಡುವ ಹಾಗೆ, ಅದೇ ಕಲ್ಲಿನ ಮೇಲೆ ಹುಯ್ಯತೊಡಗಿದಳು. ಕಂದು ನೀರು. ಬಿಳಿ ಕಲೆ ಅದರ ಕೆಳಗೆ ಎಂದು ಮುಳುಗಿತೋ ನಾನು ನೋಡಲಿಲ್ಲ.

ಇಷ್ಟನ್ನು ಬರೆದು ಮುಗಿಸಿದ ಮೇಲೂ ಒಂದು ವಿಷಯ ಕೊರೆಯುತ್ತಿತ್ತು. ತಳದಲ್ಲಿ ಅನ್ನವಿತ್ತೇ? ಬಸಿಯುವಾಗ ಜಾರಿದ ನಾಲ್ಕು ಅಗುಳಲ್ಲ. ಒಂದು ಹಿಡಿ, ಬೇಕೆಂದೇ ಹಾಕಿದ್ದು. ಇದ್ದಿದ್ದರೆ ಮಾದಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಪಟೇಲರ ಮನೆಯ ಅಕ್ಕಿ ಸೌಡಿಯ ಮನೆಗೆ ದಿನಾ ಬರುತ್ತಿತ್ತು. ಅದು ಕರುಣೆಯೋ, ಮೊದಲ ಗದ್ದೆಯವರ ಮುಂದಾಲೋಚನೆಯೋ ಎಂಬುದು ಆಮೇಲಿನ ಪ್ರಶ್ನೆ. ಅಪ್ಪ ಅವ್ವ ಇಬ್ಬರೂ ಈಗಿಲ್ಲ. ಉಳಿದಿರುವ ಸಾಕ್ಷಿ ಅಕ್ಕ ಒಬ್ಬಳೇ. ಪಿರಿಯಾಪಟ್ಟಣದ ಹತ್ತಿರ ಅವಳ ಮನೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಈಗಲೂ ಅಡುಗೆ ತಾನೇ ಮಾಡುತ್ತಾಳೆ. ಒಂದು ಮಧ್ಯಾಹ್ನ ಹೋಗಿ ಅವಳ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಕೇಳಿದೆ.

"ಇಲ್ಲ ಕಣೋ. ಬರೀ ಗಂಜಿ. ಎಲ್ಲಿತ್ತು ಅನ್ನ?"

"ಇತ್ತು ಅಕ್ಕ. ಒಂದು ಹಿಡಿ."

"ನಾನೂ ಅದೇ ಗಂಜಿ ಕುಡಿದೋಳು ತಾನೆ? ಒಂದಗುಳು ನೋಡಿಲ್ಲ. ಓದಿ ಓದಿ ನಿಂಗೆ ಇಲ್ಲದ್ದೆಲ್ಲ ಕಾಣ್ತದೆ ಬುಡು."

ನನಗೆ ಸಮಾಧಾನವಾಗಬೇಕಿತ್ತು. ಅನ್ನವಿಲ್ಲದಿದ್ದರೆ ಲಂಚವಿಲ್ಲ, ಮನೆಗೆ ಕಳಂಕವಿಲ್ಲ. ಆದರೆ ವಾದ ಮಾಡುವ ಚಾಳಿ ಬಿಡಲಿಲ್ಲ. ನನಗೆ ನೆನಪಿದ್ದದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವ್ವ ಒನಕೆ ನಿಲ್ಲಿಸುತ್ತಿದ್ದ ಮೂಲೆಗೆ ಕರೆಯುತ್ತಿದ್ದದ್ದು. ಅನ್ನವನ್ನು ಸೌಟಿನಲ್ಲಿ ಎತ್ತಿ, ಉಪ್ಪು ಬೆರೆಸಿ, ತನ್ನ ಕೈಯಿಂದಲೇ ಮೂರು ತುತ್ತು ಮಾಡುತ್ತಿದ್ದದ್ದು. ಮೂರನೆಯದನ್ನು ಬಾಯಿಗಿಟ್ಟು, ಬೇಗ ನುಂಗು ಎಂದು ಬಾಗಿಲ ಕಡೆ ನೋಡುತ್ತಿದ್ದದ್ದು. ಆಮೇಲೆ ನನ್ನ ಬಲಗೈಗೂ ಆ ಗಂಜಿಯನ್ನು ಸವರುತ್ತಿದ್ದದ್ದು, ಸ್ಕೂಲಿನಲ್ಲಿ ಹುಡುಗರು ಮೂಸಿದರೆ ಇರಲಿ ಎಂದು.

ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಬಾಗ್ಲ ಕಡೆ ಯಾಕೆ ನೋಡೋಳು?"

ಅಷ್ಟು ಹೊತ್ತಿಗೆ ನನಗೂ ಗೊತ್ತಾಗಿತ್ತು.

"ಪಾತ್ರೆ ಬೆಳಗಕ್ಕೆ ನನ್ನನ್ನ ಕಾಲುವೆಗೆ ಕಳಿಸೋಳು ಆ ಹೊತ್ತಲ್ಲಿ," ಎಂದಳು ಅಕ್ಕ. "ದಿನಾ ಕಳಿಸೋಳು. ನಾನು ಬಂದ್ಮೇಲೆ ನನ್ ಲೋಟ ಕೊಡೋಳು."

ಮಾದಪ್ಪನಿಗೂ ಓವರ್‌ಸೀಯರಿಗೂ ಅಪ್ಪನಿಗೂ ಸಿಗದ ಅಕ್ಕಿಯನ್ನು ನಾನು ಇಷ್ಟು ವರ್ಷದ ಮೇಲೆ ಹುಡುಕಿ ತೆಗೆದು, ಇವಳ ಮುಂದೆ ಹರವಿದ್ದೆ. ಏನಾದರೂ ಹೇಳಬೇಕೆಂದು, ನನ್ನ ನೆನಪು ತಪ್ಪಿದ್ದರೂ ಇರಬಹುದು ಅಕ್ಕ ಎಂದೆ.

"ಇಲ್ಲ ಬುಡು," ಎಂದಳು. "ಇದು ಸರಿಯಾಗೇ ಅದೆ."

ಎದ್ದು ಎಲೆ ಹಾಕಿದಳು. ಮನೆಗೆ ಬಂದ ತಮ್ಮನಿಗೆಂದು ಬೆಳ್ಳನೆಯ ಅನ್ನ ಮಾಡಿದ್ದಳು. ತನಗೆ ಎರಡು ಮುದ್ದೆ ಕಟ್ಟಿಟ್ಟಿದ್ದಳು. ಅನ್ನದ ಪಾತ್ರೆಯನ್ನು ನನ್ನ ಎಲೆಯವರೆಗೂ ತಂದವಳು ಅಲ್ಲೇ ನಿಂತಳು. ಆಮೇಲೆ ಅದನ್ನು ತನ್ನ ಎಲೆಯ ಪಕ್ಕ ಇಟ್ಟುಕೊಂಡು ಕೂತು, ಎರಡು ಮುದ್ದೆಯನ್ನೂ ನನ್ನ ಕಡೆಗೆ ಸರಿಸಿದಳು.

"ಇವತ್ತು ನೀನು ಇದನ್ನ ಉಣ್ಣು," ಎಂದಳು.